ರುಚಿ: ನೋಡಿಲ್ಲ

ಕ್ರೇಟಿನಲ್ಲಿ ಇಪ್ಪತ್ತನಾಲ್ಕು ಬಾಟಲಿ ಇರಬೇಕಿತ್ತು, ಇಪ್ಪತ್ತೈದು ಇದ್ದವು. ಅವನು ಮೊದಲ ಸಲ ಬಾಯಲ್ಲಿ ಎಣಿಸಿದ, ಎರಡನೆಯ ಸಲ ಬೆರಳಿಟ್ಟು ಎಣಿಸಿದ, ಮೂರನೆಯ ಸಲ ಎಣಿಸುವಾಗ ಆ ಹೆಚ್ಚಿನ ಬಾಟಲಿಗೆ ಬೆರಳು ತಾಗದ ಹಾಗೆ ದಾಟಿಸಿದ. ನೀರು ಪರೀಕ್ಷೆಯ ಈ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಅವನ ದಿನ ಶುರುವಾಗುವುದೇ ಹೀಗೆ. ಪಂಪ್‌ಹೌಸುಗಳಿಂದ, ಟ್ಯಾಂಕುಗಳಿಂದ, ಶಾಲೆ ಆಸ್ಪತ್ರೆಗಳ ನಲ್ಲಿಗಳಿಂದ ಹಿಡಿದು ತಂದ ನೀರನ್ನು ಎಣಿಸಿ, ಚೀಟಿ ನೋಡಿ, ದಪ್ಪ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಮೈಗೆ ಬಿಳಿ ಕೋಟು. ಬಾಟಲಿಗಳೆಲ್ಲ ಒಂದೇ ಅಚ್ಚಿನವು, ಅಗಲ ಬಾಯಿಯವು. ಮೂಲೆಯಲ್ಲಿದ್ದದ್ದು ಮಾತ್ರ ಯಾರದೋ ಮನೆಯ ಶರಬತ್ತಿನ ಬಾಟಲಿ. ಒಳಗೆ ಕಪ್ಪಗೆ ಏನೋ ಇತ್ತು. ಲ್ಯಾಬಿನ ಚೀಟಿಯ ಅಳತೆಗೇ ಕತ್ತರಿಸಿ ಅಂಟಿಸಿದ ಕಾಗದದ ಮೇಲೆ, ಮಕ್ಕಳಿಗೆ ಕಾಪಿ ಬರೆದುಕೊಟ್ಟಷ್ಟು ದುಂಡಗಿನ ಅಕ್ಷರದಲ್ಲಿ ಮೂರು ಸಾಲು. ಬಣ್ಣ: ಇದೆ. ವಾಸನೆ: ಇದೆ. ರುಚಿ: ನೀನೇ ನೋಡು. ಅದರ ಕೆಳಗೆ, ರಿಪೋರ್ಟ್ ಟೈಪ್ ಮಾಡುವ, ಲ್ಯಾಬಿನವರೆಲ್ಲ ದೊಡ್ಡಕ್ಕ ಎಂದು ಕರೆಯುವವಳ ಪೂರ್ತಿ ಹೆಸರು. ಸಿಟ್ಟಿನಲ್ಲಿ ಗೀಚಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಸಿಟ್ಟು ಇಳಿದ ಮೇಲೂ ಕೂತು, ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು, ಗೆರೆ ಅಳಿಸಿ, ಇದನ್ನು ಬರೆದವನ ಮನಸ್ಸು ಎಂಥದಿರಬೇಕು. ಚೀಟಿ ಗೋಡೆಯ ಕಡೆಗಾಗುವಂತೆ ಬಾಟಲಿ ತಿರುಗಿಸಿಟ್ಟ. ನೋಡಬಾರದು ಎಂದುಕೊಂಡೇ ಗಾಜಿನಾಚೆಯ ರಿಪೋರ್ಟ್ ಕೋಣೆಯ ಕಡೆ ನೋಡಿದ. ದೊಡ್ಡಕ್ಕನ ಕುರ್ಚಿ ಖಾಲಿ. ಇವತ್ತಿಗೆ ಮೂರನೆಯ ದಿನ.

ಹೆದರುವುದಕ್ಕೆ ಅವನಿಗೆ ಎರಡು ಕಾರಣಗಳಿದ್ದವು, ಮತ್ತು ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು ಎಂಬುದೇ ನಾಚಿಕೆಯ ವಿಷಯ. ದೊಡ್ಡಕ್ಕನಿಗೆ ಏನಾದರೂ ಆದೀತು ಎಂಬುದು ಒಂದು. ತಾನು ಸಿಕ್ಕಿಬಿದ್ದೇನು ಎಂಬುದು ಇನ್ನೊಂದು.

ಅವನ ಬಾಲ್ಯದಲ್ಲಿ ಟೀವಿಯಲ್ಲಿ ವಾರಕ್ಕೊಂದು ಸಲ ‘ನೌಕೆ ಹದಿನೇಳು’ ಬರುತ್ತಿತ್ತು. ಭೂಮಿ ಬಿಟ್ಟು ಹೋದ ಹಳೆಯ ಹಡಗು, ಎಡಗೈಯಲ್ಲಿ ಬರೆಯುವ ನಾಯಕಿ, ಯಾವಾಗಲೂ ಗೊಣಗುವ ಮುದುಕ ಮೆಕ್ಯಾನಿಕ್. ಅಮ್ಮನಿಗೆ ನಕ್ಷತ್ರ ಗ್ರಹ ಯಾವುದೂ ಅರ್ಥವಾಗುತ್ತಿರಲಿಲ್ಲ, ಮುದುಕ ಗೊಣಗುವುದನ್ನು ಕೇಳಲಿಕ್ಕೆಂದೇ ಕೂರುತ್ತಿದ್ದಳು. “ಪಾಪ, ಎಲ್ಲರೂ ಮಲಗಿದ ಮೇಲೂ ಇವನೊಬ್ಬನಿಗೆ ಕೆಲಸ,” ಎನ್ನುತ್ತಿದ್ದಳು, ತನ್ನ ಬಗ್ಗೆಯೇ ಹೇಳಿಕೊಂಡ ಹಾಗೆ. ಐದು ವರ್ಷ ಬಂದು ಅದು ನಡುದಾರಿಯಲ್ಲಿ ನಿಂತುಹೋಯಿತು. ಕೊನೆಯ ಕಂತಿನಲ್ಲಿ ಹಡಗು ಧೂಳಿನ ಮೋಡದೊಳಗೆ ಸಿಕ್ಕಿಕೊಂಡಿತ್ತು. ಮುದುಕ ಹೊರಮೈಯ ಮೇಲೆ ನಿಂತು ಏನೋ ರಿಪೇರಿ ಮಾಡುತ್ತಿದ್ದ. ಒಳಗೆ ನಾಯಕಿಯ ಕೈ ಬಾಗಿಲಿನ ಹಿಡಿಯ ಕಡೆ ಹೋಯಿತು. ಅಷ್ಟೆ. ತೆರೆಯುವುದಕ್ಕೋ, ಮುಚ್ಚುವುದಕ್ಕೋ? ಹತ್ತೊಂಬತ್ತು ವರ್ಷ ಅಭಿಮಾನಿಗಳು ಇದೊಂದನ್ನೇ ಜಗಿದರು. ಫೋನಿನಲ್ಲಿ ಅವರದೊಂದು ಬಳಗವಿತ್ತು, ನಾಲ್ಕು ಸಾವಿರ ಜನ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಲ್ಯಾಬಿನಲ್ಲಿ ಉದ್ದಕ್ಕೆ ಸಣ್ಣಗಿದ್ದುದಕ್ಕೆ ಅಳತೆಯ ಗಾಜಿನ ಕೊಳವೆಯ ಹೆಸರಿನಿಂದ ‘ಬ್ಯೂರೆಟ್’ ಎಂದು ಕರೆಸಿಕೊಳ್ಳುತ್ತಿದ್ದ ಅವನು ಅಲ್ಲಿ ‘ಮೂರನೇ ಅಧಿಕಾರಿ’. ಹಡಗಿನ ಮೆಟ್ಟಿಲು ಎಷ್ಟು, ನಾಯಕಿಯ ಅಂಗಿಯ ಗುಂಡಿ ಯಾವ ಕಂತಿನಲ್ಲಿ ಬದಲಾಯಿತು, ಇಂಥದಕ್ಕೆ ಜಗಳ ಬಿದ್ದರೆ ಅವನನ್ನು ಕರೆಯುತ್ತಿದ್ದರು. ಅವನು ಹೇಳಿದರೆ ಮುಗಿಯಿತು. ಬೇರೆಲ್ಲೂ ಅವನು ಹೇಳಿದರೆ ಏನೂ ಮುಗಿಯುತ್ತಿರಲಿಲ್ಲ.

ಹೋದ ತಿಂಗಳು ಆ ಕತೆಯನ್ನು ಮುಂದುವರಿಸಿದ ಕಾದಂಬರಿ ಬಂತು, ‘ಧೂಳು ಇಳಿದ ಮೇಲೆ’. ಧಾರಾವಾಹಿಯ ಹಕ್ಕಿದ್ದವರೇ ತಂದದ್ದು, ಮೇಲೆ ಯಾರೂ ಕೇಳಿರದ ಒಂದು ಕಾವ್ಯನಾಮ. ಮೊದಲ ಅಧ್ಯಾಯದಲ್ಲೇ ನಾಯಕಿ ಬಾಗಿಲು ಹಾಕುತ್ತಾಳೆ. ಮುದುಕ ಹೊರಗೇ ಉಳಿಯುತ್ತಾನೆ. ಮುಂದಿನ ಇನ್ನೂರು ಪುಟ ಅವಳು ಹಡಗು ನಡೆಸುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ನಿದ್ದೆ ಮಾಡುತ್ತಾಳೆ, ನೀರು ಪರೀಕ್ಷೆ ಮಾಡುತ್ತಾಳೆ, ಯಾರಿಗೂ ಹೇಳುವುದಿಲ್ಲ. ಬಳಗಕ್ಕೆ ಬೆಂಕಿ ಬಿತ್ತು. ಒಬ್ಬ ನಲವತ್ತೊಂದು ತಪ್ಪುಗಳ ಪಟ್ಟಿ ಮಾಡಿದ. ಒಬ್ಬ ಪುಟ ಹರಿಯುವುದನ್ನು ವಿಡಿಯೋ ಮಾಡಿ ಹಾಕಿದ, ಅವನ ಹಿಂದೆ ಮಗುವೊಂದು ಅಳುತ್ತಿತ್ತು. ತಾನು ಮೂರು ಸಲ ಓದಿದೆ, ಇದೇ ನಿಜವಾದ ಕೊನೆ ಅನಿಸಿತು ಎಂದು ಬರೆದ ಹೆಂಗಸನ್ನು ನೀನೇ ಬರೆದವಳಿರಬೇಕು ಎಂದು ಅಟ್ಟಾಡಿಸಿದರು. ಅವಳು ಬಳಗ ಬಿಟ್ಟು ಹೋದಳು. ಎರಡು ದಿನ ಎಲ್ಲರೂ ಮೂರನೇ ಅಧಿಕಾರಿ ಏನು ಹೇಳುತ್ತಾನೆ ಎಂದು ಕಾದರು. ಭಾನುವಾರ ಮಧ್ಯಾಹ್ನ ಅವನು ಬರೆದ. ಒಂದೊಂದು ಅಕ್ಷರವನ್ನೂ ಕುಟ್ಟಿ ಬರೆದ. ಅದನ್ನು ಸಿಟ್ಟು ಎಂದುಕೊಂಡಿದ್ದ. ‘ಇದನ್ನು ಬರೆದವರು ಸಾಯುವವರ ಪಕ್ಕದಲ್ಲಿ ಒಂದು ದಿನವೂ ಕೂತವರಲ್ಲ’ ಎಂದು ಶುರುವಾಗುವ ಆ ನಾಲ್ಕು ಸಾಲು ಸಂಜೆಯೊಳಗೆ ಎಲ್ಲೆಲ್ಲೋ ಹೋಯಿತು, ಚಿತ್ರದ ಮೇಲೆ, ಅಂಗಿಯ ಮೇಲೆ. ಯಾರೋ ಅದನ್ನು ರಾಗವಾಗಿ ಓದಿದ್ದೂ ಆಯಿತು. ಜೀವನದಲ್ಲಿ ಅಷ್ಟು ಜನ ಅವನಿಗೆ ಭೇಷ್ ಎಂದಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ? ಆದರೆ ಹೊಗಳಿಕೆ ಒಂದು ಥರದ ದಾಹ. ಮರುದಿನ ಅವನು ಇನ್ನೊಂದು ಬರೆದ. ಪುಸ್ತಕದ ನೂರಾ ಹನ್ನೆರಡನೆಯ ಪುಟದಲ್ಲಿ ನಾಯಕಿ ಹಡಗಿನ ನೀರು ಪರೀಕ್ಷಿಸಿ ದಿನಚರಿಯಲ್ಲಿ ಬರೆಯುತ್ತಾಳೆ: ಬಣ್ಣ: ಇಲ್ಲ. ವಾಸನೆ: ಇಲ್ಲ. ರುಚಿ: ನೋಡಿಲ್ಲ. ಇದು ಕತೆಗಾರರು ಕಟ್ಟಿದ್ದಲ್ಲ, ಇದು ನೀರು ಪರೀಕ್ಷೆಯ ಲ್ಯಾಬಿನ ನಮೂನೆ, ಬರೆದವರು ಅಂಥ ಕಡೆ ಕೆಲಸ ಮಾಡುವವರು, ಬೇಕಾದರೆ ಬರೆದಿಟ್ಟುಕೊಳ್ಳಿ, ಎಂದು ಅವನು ಪತ್ತೇದಾರನ ಗತ್ತಿನಲ್ಲಿ ಹಾಕಿದ. ಲ್ಯಾಬುಗಳು ಎಷ್ಟಿವೆ? ‘ರುಚಿ’ಯ ಮುಂದೆ ‘ಅನ್ವಯಿಸುವುದಿಲ್ಲ’ ಎಂದು ಬರೆಯದೆ ‘ನೋಡಿಲ್ಲ’ ಎಂದು ಬರೆಯುವ ಲ್ಯಾಬು ಒಂದೇ. ಅದೂ ಲ್ಯಾಬಿನ ಪದ್ಧತಿಯಲ್ಲ, ಒಬ್ಬಳ ಪದ್ಧತಿ. ಇಪ್ಪತ್ತಾರು ವರ್ಷದಿಂದ ರಿಪೋರ್ಟ್ ಟೈಪ್ ಮಾಡುತ್ತಿದ್ದ ದೊಡ್ಡಕ್ಕ, ನೋಡದೆ ಇದ್ದದ್ದಕ್ಕೆ ನೋಡಿಲ್ಲ ಅಂತ ಬರೆಯೋದರಲ್ಲಿ ಏನು ಕಷ್ಟ ಎಂದು ಹಟ ಹಿಡಿದು ಉಳಿಸಿಕೊಂಡದ್ದು. ನಾಲ್ಕು ದಿನದಲ್ಲಿ ಬಳಗದವರು ಹಳೆಯ ರಿಪೋರ್ಟುಗಳನ್ನು ಹುಡುಕಿ, ಕೆಳಗಿನ ಸಹಿ ಓದಿ, ಅವಳ ಹೆಸರು, ಫೋನು, ಬೀದಿ ಎಲ್ಲವನ್ನೂ ತಂದು ಸುರಿದರು. ಲ್ಯಾಬಿನ ಫೋನು ಬಿಡದೆ ಬಡಿದುಕೊಳ್ಳತೊಡಗಿತು. ಗೇಟಿನ ಮೇಲೆ ಯಾರೋ ಅವನದೇ ಸಾಲು ಬರೆದ ಕಾಗದ ಅಂಟಿಸಿದರು. ಬಳಗದಲ್ಲಿ ತಾನು ಬರೆದ ಎರಡನ್ನೂ ಅವನು ಅಳಿಸಿದ. ಆದರೆ ಅವುಗಳ ಚಿತ್ರಗಳು ಊರೆಲ್ಲ ಓಡಾಡುತ್ತಿದ್ದವು. ಅವಳನ್ನು ಬಿಟ್ಟುಬಿಡಿ, ವಯಸ್ಸಾದವರು, ಎಂದು ಬರೆದರೆ ಬಳಗ ನಕ್ಕಿತು. ಮೂರನೇ ಅಧಿಕಾರಿ ಪುಕ್ಕಲನಾದ ಎಂದರು. ಒಬ್ಬ ಮಾತ್ರ ನಗಲಿಲ್ಲ. ‘ವಯಸ್ಸಾದವರು ಅಂತ ನಿನಗೆ ಹೇಗೆ ಗೊತ್ತು?’ ಎಂದು ಕೇಳಿದ. ಆ ಪ್ರಶ್ನೆ ಕಂಡ ಮೇಲೆ ಮೂರನೇ ಅಧಿಕಾರಿ ಬಳಗದ ಕಡೆ ತಲೆ ಹಾಕಿರಲಿಲ್ಲ.

ಸಾಹೇಬರು ಹತ್ತು ಗಂಟೆಗೆ ಬಂದು ಬಾಟಲಿ ನೋಡಿದರು. ಲ್ಯಾಬಿನ ಮುಖ್ಯಸ್ಥರು ಅವರು, ಒಳ್ಳೆಯವರೇ. ತೊಂದರೆ ಬಂದಾಗ ಕನ್ನಡಕ ಒರೆಸಿಕೊಳ್ಳುತ್ತ ನಿಲ್ಲುವ ಜಾತಿಯ ಒಳ್ಳೆಯವರು. ಪೊಲೀಸರಿಗೆ ಹೇಳಿದರೆ ಲ್ಯಾಬಿನ ಹೆಸರು ಪೇಪರಿಗೆ ಬರುತ್ತದೆ, ಜನ ನೀರನ್ನೇ ಸಂಶಯಪಡುತ್ತಾರೆ, ಮೊದಲು ಇದೇನು ನೋಡಿ ಎಂದರು. ಅವನು ಕೈಗವಸು ಹಾಕಿ ಮುಚ್ಚಳ ತಿರುಗಿಸಿದ. ಆಸಿಡ್ ಇರಬಹುದು. ಮುಚ್ಚಳ ತೆಗೆದ ಕೂಡಲೆ ಹೊಗೆ ಬರಬಹುದು. ಇದನ್ನು ದೊಡ್ಡಕ್ಕನೇ ತೆಗೆದಿದ್ದರೆ, ಏನಪ್ಪಾ ಇದು ಎಂದು ಮೂಗಿನ ಹತ್ತಿರ ಹಿಡಿಯುತ್ತಿದ್ದಳು, ಅವಳ ಅಭ್ಯಾಸವೇ ಅದು. ಆಮ್ಲ ನೋಡುವ ಕಾಗದದ ಪಟ್ಟಿ ಅದ್ದಿದ, ಸ್ವಲ್ಪ ಹುಳಿ. ಎರಡು ತೊಟ್ಟು ಗಾಜಿನ ಮೇಲೆ ಹಾಕಿ ಕಾಯಿಸಿದ. ಕೊನೆಗೆ ಅದು ಶಾಯಿ ಮತ್ತು ವಿನೆಗರ್ ಎಂದು ಗೊತ್ತಾದಾಗ ಸಾಹೇಬರು ನಕ್ಕುಬಿಟ್ಟರು, ಮಕ್ಕಳಾಟ, ಎಂದರು. ಅವನಿಗೆ ನಗು ಬರಲಿಲ್ಲ. ಇವತ್ತು ಶಾಯಿ ತುಂಬಿದವನಿಗೆ ನಾಳೆ ಇನ್ನೊಂದು ತುಂಬುವುದಕ್ಕೆ ದಾರಿ ಗೊತ್ತಾಯಿತಲ್ಲ. ಕ್ರೇಟಿನ ತನಕ ಬಂದು ಇಟ್ಟು ಹೋದನಲ್ಲ. ಪಂಪ್‌ಹೌಸಿನವನೋ, ವ್ಯಾನಿನ ಡ್ರೈವರೋ, ಗೇಟಿನವನೋ? ಅಷ್ಟರಲ್ಲಿ ಸಾಹೇಬರು, ತಿಂಗಳ ರಿಪೋರ್ಟು ದೊಡ್ಡಕ್ಕನ ಬೀರುವಿನಲ್ಲಿ ಸಿಕ್ಕಿಕೊಂಡಿದೆ, ಅವರ ಮನೆಗೆ ಹೋಗಿ ಬೀಗದ ಕೈ ಇಸಕೊಂಡು ಬನ್ನಿ, ಫೋನ್ ಎತ್ತುತ್ತಿಲ್ಲ ಎಂದರು. ನಾನೇ ಯಾಕೆ ಎಂಬ ಪ್ರಶ್ನೆ ಅವನ ಮುಖದಲ್ಲಿ ಕಂಡಿರಬೇಕು. “ನಿಮ್ಮನ್ನ ಕಂಡರೆ ಅವರಿಗೆ ವಿಶ್ವಾಸ. ಬೇರೆಯವರು ಹೋದ್ರೆ ಹೆದರ್ಕೋತಾರೆ,” ಎಂದರು.

ವಿಶ್ವಾಸ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅವನು ಆ ಮಾತನ್ನು ಹೊರಳಿಸಿದ. ಎದುರು ಸೀಟಿನ ಇಬ್ಬರು ಒಂದೇ ಫೋನು ನೋಡುತ್ತ ನಗುತ್ತಿದ್ದರು; ಅದರಲ್ಲಿ ತನ್ನ ಸಾಲು ಇರಬಹುದು. ಹಿಂದೆ ಕೂತವನು ಕೆಮ್ಮಿದ ರೀತಿಯೇ ಸರಿಯಿಲ್ಲ. ನಾಲ್ಕು ಸಾವಿರ ಜನ ಎಂದರೆ ಇಂಥವರೇ ತಾನೆ, ಟಿಕೆಟ್ ಹಿಡಿದು, ಚೀಲ ತೊಡೆಯ ಮೇಲಿಟ್ಟು, ಇಳಿಯುವ ಜಾಗ ಬಂತೇ ಎಂದು ಬಗ್ಗಿ ನೋಡುವವರು. ದೊಡ್ಡಕ್ಕನಿಗೆ ತನ್ನ ಮೇಲೆ ವಿಶ್ವಾಸವಿತ್ತು ಎಂಬುದು ಸುಳ್ಳಲ್ಲ. ಅಮ್ಮ ಹಾಸಿಗೆ ಹಿಡಿದಾಗ ರಜೆಯ ಅರ್ಜಿಗಳನ್ನು ಅವನು ಕೇಳುವ ಮೊದಲೇ ಟೈಪ್ ಮಾಡಿಟ್ಟಿರುತ್ತಿದ್ದಳು. ಆದರೆ ಅದೇ ಅವಳು ಎರಡು ವರ್ಷದ ಹಿಂದೆ, ಅವನು ಕ್ಲೋರಿನ್ ಅಂಕಿಯಲ್ಲಿ ದಶಮಾಂಶದ ಬಿಂದು ತಪ್ಪಿಟ್ಟ ದಿನ, ಎಲ್ಲರೂ ಕೂತ ಕೋಣೆಯಲ್ಲಿ ಕಾಗದ ಎತ್ತಿ ಹಿಡಿದು, “ಬಿಂದು ಒಂದು ಮನೆ ಆಚೆ ಹೋದ್ರೆ ಒಂದು ಊರಿಗೆ ವಾಂತಿ, ಗೊತ್ತಾಯ್ತಾ ಬ್ಯೂರೆಟ್ಟು,” ಎಂದಿದ್ದಳು. ಎಲ್ಲರೂ ನಕ್ಕರು. ಅವನೂ ನಕ್ಕ, ಎಲ್ಲರಿಗಿಂತ ಹೆಚ್ಚು ಹೊತ್ತು. ಬಾಟಲಿ ತೊಳೆಯುವ ಹೆಂಗಸು ಕೂಡ ಒಂದು ವಾರ ಅವನನ್ನು ಕಂಡರೆ ಹೊಟ್ಟೆ ಹಿಡಿದುಕೊಂಡು ವಾಂತಿ ಬರುವ ಹಾಗೆ ಮಾಡುತ್ತಿದ್ದಳು. ಅದನ್ನೆಲ್ಲ ಅವನು ಮರೆತಿದ್ದ. ಮರೆತಿದ್ದೇನೆ ಎಂದು ಇವತ್ತಿನ ತನಕ ತಿಳಿದಿದ್ದ.

ಆ ಕೊನೆಯ ತಿಂಗಳು ಅಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಹೊತ್ತು ಹೋಗಲೆಂದು ಅವನು ನೌಕೆ ಹದಿನೇಳರ ಕತೆಯನ್ನು ಮುಂದುವರಿಸಿ ಹೇಳುತ್ತಿದ್ದ, ದಿನಕ್ಕೊಂದು ಕಂತು, ತಾನೇ ಕಟ್ಟಿ. “ಆ ಮುದುಕ ಒಳಗೆ ಬಂದ್ನಾ?” ಎಂದು ಅವಳು ದಿನವೂ ಕೇಳುವಳು. ಬಂದ ಅಮ್ಮ, ಬಂದು ಕೈಕಾಲು ತೊಳೆದು ಊಟಕ್ಕೆ ಕೂತಿದ್ದಾನೆ. ಗೊಣಗ್ತಿದ್ದಾನಾ? ಗೊಣಗ್ತಿದ್ದಾನೆ. ಅವಳ ಮುಖ ಸಡಿಲವಾಗುತ್ತಿತ್ತು. ಅಂಥ ಕಂತುಗಳು ಇಪ್ಪತ್ತಾರಾದವು. ಯಾರೂ ಬರೆಸಲಿಲ್ಲ, ಅಚ್ಚು ಹಾಕಲಿಲ್ಲ. ಅವನಿಗೆ ಅದೇ ನಿಜವಾದ ಮುಂದುವರಿಕೆ. ಇಪ್ಪತ್ತೇಳನೆಯ ದಿನ ಮಧ್ಯಾಹ್ನ ಅವಳ ಉಸಿರು ಬೇರೆ ಥರ ಆಯಿತು. ಒಣ ಹಲಗೆಯ ಮೇಲೆ ಗರಗಸ ಎಳೆದು, ನಿಲ್ಲಿಸಿ, ಮತ್ತೆ ಎಳೆದ ಹಾಗೆ. ಅವನು ಎದ್ದ. ಕೋಣೆಯ ಬಾಗಿಲು ಹಾಕಿದ. ಅಡಿಗೆಮನೆಗೆ ಹೋಗಿ, ಆ ಸದ್ದು ಕೇಳಬಾರದೆಂದು ನಲ್ಲಿಯನ್ನು ಪೂರ್ತಿ ಬಿಟ್ಟು ನಿಂತ. ಎಷ್ಟು ಹೊತ್ತು? ನೀರು ತೊಟ್ಟಿ ತುಂಬಿ ನೆಲಕ್ಕೆ ಬಂದು ಪಾದ ತಣ್ಣಗಾದ ಮೇಲೆ ನಿಲ್ಲಿಸಿದ. ಮನೆ ನಿಶ್ಶಬ್ದವಾಗಿತ್ತು. ಪಕ್ಕದ ಮನೆಯವರಿಗೆ, ನನ್ನ ಕೈ ಹಿಡಿದುಕೊಂಡೇ ಹೋದಳು ಎಂದ. ಇಳಿಯಬೇಕಾದ ಜಾಗದಲ್ಲಿ ಬಸ್ಸು ನಿಂತು ಹೊರಟಿತು; ಅವನು ಒಂದು ನಿಲ್ದಾಣ ಮುಂದೆ ಹೋಗಿ ಇಳಿದು ಹಿಂದಕ್ಕೆ ನಡೆದ.

ಮೂರನೆಯ ಮಹಡಿ. ಮೆಟ್ಟಿಲ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಬಾಣದ ಗುರುತು ಬರೆದಿದ್ದರು, ಪ್ರತಿ ತಿರುವಿಗೂ ಒಂದು, ಮೇಲಕ್ಕೆ. ಅದನ್ನು ಅಂಗೈಯಲ್ಲಿ ಉಜ್ಜಿದರೆ ಇನ್ನೂ ದೊಡ್ಡದಾಯಿತು. ಬಾಗಿಲು ತಟ್ಟಿದಾಗ ಒಳಗೆ ಏನೋ ಸರಿದ ಸದ್ದು, ಆಮೇಲೆ ಏನೂ ಇಲ್ಲ. ನಾನಕ್ಕ, ಲ್ಯಾಬಿನವನು, ಎಂದು ಎರಡು ಸಲ ಹೇಳಿದ. ಸರಪಳಿಯಷ್ಟು ಬಾಗಿಲು ತೆರೆದು ಒಂದು ಕಣ್ಣು ಅವನ ಹಿಂದೆ ಮೆಟ್ಟಿಲನ್ನು ನೋಡಿತು, ಬಲಕ್ಕೆ ನೋಡಿತು, ಕೊನೆಗೆ ಅವನನ್ನು ನೋಡಿತು. “ನೀನಾ, ಸದ್ಯ,” ಎಂದಳು ದೊಡ್ಡಕ್ಕ. ಆ ಸದ್ಯ ಎಂಬ ಮಾತು ಅವನ ಎದೆಗೆ ಒದ್ದಂತಾಯಿತು.

ಪರದೆ ಎಳೆದ ಕೋಣೆಯಲ್ಲಿ ಹಗಲಲ್ಲೇ ದೀಪ ಹಾಕಿತ್ತು. ಅವಳ ಅತ್ತೆ, ಗಂಡನ ತಾಯಿ, ಕುರ್ಚಿಯಲ್ಲಿ ಕೂತು ಒಗೆದ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದರು. ಎಂಬತ್ತು ದಾಟಿದವರು, ಕಿವಿ ಪೂರ್ತಿ ಹೋಗಿತ್ತು. ಅವನನ್ನು ಕಂಡು, ಮೀಟರ್ ನೋಡೋಕೆ ಬಂದೆಯಾ, ಅದು ಬಾಗಿಲ ಹಿಂದಿದೆ ನೋಡಪ್ಪ, ಎಂದರು. ಹೌದು ಎಂದು ಅವನು ತಲೆಯಾಡಿಸಿದ, ಅದೇ ಸುಲಭವಿತ್ತು. ದೊಡ್ಡಕ್ಕ ಮೂರು ದಿನದಲ್ಲಿ ಇಳಿದುಹೋಗಿದ್ದಳು. ಲ್ಯಾಬಿನಲ್ಲಿ ಇಡೀ ಕೋಣೆಗೆ ಕೇಳುವಂತೆ ಮಾತಾಡುತ್ತಿದ್ದವಳು ಇಲ್ಲಿ ಕಿವುಡಿಯ ಎದುರೂ ಪಿಸುಗುಟ್ಟಿದಳು. ಅವನು ಕೇಳಿದ ಬೀಗದ ಕೈಯನ್ನು ಅವನ ಕೈಗೆ ಹಾಕಿ, ಹಾಕಿದ ಕೈಯನ್ನು ಹಾಗೇ ಹಿಡಿದುಕೊಂಡಳು. ಆ ಪುಸ್ತಕ ಬರೆದದ್ದು ನಾನೇ, ನಿನಗೂ ತಿಳಿದಿರಬೇಕಲ್ಲ ಇಷ್ಟು ಹೊತ್ತಿಗೆ, ಎಂದಳು. ಗಂಡ ಹೋದ ಮೇಲೆ ಆರು ವರ್ಷ ಸಂಜೆಸಂಜೆ ಕೂತು ಬರೆದದ್ದು. ಮುಗಿದ ಮೇಲೆ ಹಕ್ಕಿದ್ದವರಿಗೆ ಕಳಿಸಿದ್ದು ಬಿಟ್ಟರೆ ಯಾರಿಗೂ ಹೇಳಿಕೊಂಡಿರಲಿಲ್ಲ. ಫೋನು ಆರಿಸಿ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ಜನ ಏನು ಬರೆದಿದ್ದಾರೆ ಎಂದು ನೋಡಲು ಧೈರ್ಯವಿಲ್ಲ, ನೋಡದೆ ಕೂತರೆ ಇನ್ನೂ ಘೋರವಾದದ್ದೆಲ್ಲ ಮನಸ್ಸಿಗೆ ಬರುತ್ತದೆ, ಮೆಟ್ಟಿಲ ಮೇಲೆ ಹಾಲಿನವನ ಹೆಜ್ಜೆ ಕೇಳಿದರೂ ಅತ್ತೆಯನ್ನು ಒಳಕೋಣೆಗೆ ಕಳಿಸುತ್ತಾಳೆ. “ನೀನು ಓದಿ ಹೇಳ್ತೀಯಾ? ನಿನ್ನ ಬಾಯಲ್ಲಿ ಬಂದ್ರೆ ಅಷ್ಟು ಹೆದರಿಕೆ ಆಗಲ್ಲ ಅನ್ಸುತ್ತೆ.”

ಬೇಡ ಅನ್ನಬಹುದಿತ್ತು. ತಡವಾಯಿತು, ಸಾಹೇಬರು ಕಾಯುತ್ತಾರೆ ಅನ್ನಬಹುದಿತ್ತು. ಅವನು ಫೋನು ತೆಗೆದ. ಬಳಗಕ್ಕೆ ಹೋಗದೆ ಹೊರಗಿನ ಪುಟವೊಂದನ್ನು ತೆರೆದ, ಪುಸ್ತಕದ ಬಗ್ಗೆ ಜನ ಬರೆದದ್ದೆಲ್ಲ ಅಲ್ಲಿ ಸಾಲಾಗಿ ಸೇರಿತ್ತು. ಮೆಲ್ಲಗೆ ಓದಿದ. ಹಡಗಿನ ಮೆಟ್ಟಿಲು ಹದಿನಾಲ್ಕು, ಹದಿಮೂರಲ್ಲ ಎಂದು ಒಬ್ಬ. “ಹದಿನಾಲ್ಕೇ. ನಾನೇ ತಪ್ಪು ಎಣಿಸಿದೆ,” ಎಂದಳು ಅವಳು, ಸ್ವಲ್ಪ ನಕ್ಕ ಹಾಗೂ ಆಯಿತು. ಈ ಪುಸ್ತಕ ಓದಿ ತನ್ನ ಅಣ್ಣನಿಗೆ ಹತ್ತು ವರ್ಷದ ಮೇಲೆ ಫೋನು ಮಾಡಿದೆ ಎಂದು ಒಬ್ಬಳು. ನನ್ನ ಬಾಲ್ಯಕ್ಕೆ ಮಣ್ಣು ಹಾಕಿದಿರಿ ಎಂದು ಒಬ್ಬ. ಹೊಲಸು ಬಂದಾಗ ಅವನು ಹಾರಿಸಿದ. ಅವಳದು ಟೈಪಿಸ್ಟಿನ ಕಿವಿ, ಎಲ್ಲಿ ಸಾಲು ಜಿಗಿಯಿತು ಎಂದು ತಕ್ಷಣ ಗೊತ್ತಾಯಿತು. ಬಿಟ್ಟೆಯಲ್ಲ, ಅದನ್ನೂ ಓದು, ಎಂದಳು. ಓದಿದ. ಅವಳು ಕಣ್ಣು ಮುಚ್ಚಿ, ಅತ್ತೆಯ ಕಾಲುಚೀಲವೊಂದನ್ನು ಕೈಯಲ್ಲಿ ಹಿಂಡುತ್ತ ಕೇಳಿಸಿಕೊಂಡಳು. ಬೆರಳು ಇನ್ನೊಂದು ಸಲ ಸರಿಸಿದಾಗ ಅದು ಬಂತು. ಯಾರೋ ಹಿಡಿದಿಟ್ಟ ಚಿತ್ರ, ಮೇಲೆ ‘ಮೂರನೇ ಅಧಿಕಾರಿ’. ದಾಟಿಸಿಬಿಡಬಹುದು. ದಾಟಿಸಿದರೆ ಗೊತ್ತಾಗುತ್ತದೆ. ಅವನು ಓದಿದ. ‘ಇದನ್ನು ಬರೆದವರು ಸಾಯುವವರ ಪಕ್ಕದಲ್ಲಿ ಒಂದು ದಿನವೂ ಕೂತವರಲ್ಲ. ಕೂತಿದ್ದರೆ ಗೊತ್ತಿರುತ್ತಿತ್ತು, ಬಾಗಿಲು ಹಾಕಿದ ಕೈ ಮರುದಿನ ಪಾತ್ರೆ ತೊಳೆಯುವುದಿಲ್ಲ.’ ಅಲ್ಲಿ ನಿಂತ. ಅವಳು ಕಣ್ಣು ತೆರೆಯಲಿಲ್ಲ. ಕಾಲುಚೀಲ ಹಿಂಡುವುದು ನಿಂತಿತ್ತು. ಮುಂದೆ, ಎಂದಳು, ಬಹಳ ಹೊತ್ತಾದ ಮೇಲೆ. ಅವನು ಮುಂದುವರಿಸಿದ. ‘ನಾಯಕಿಯನ್ನು ಕೊಲೆಗಾತಿ ಮಾಡಿದ್ದಕ್ಕೆ ನನ್ನ ಸಿಟ್ಟಲ್ಲ; ಕೊಂದು ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದಳು ಎಂದು ಬರೆದದ್ದಕ್ಕೆ. ಇಂಥವರು ಪಕ್ಕದಲ್ಲಿದ್ದರೆ ನಾವು ಕಾಯಿಲೆ ಬೀಳುವುದಕ್ಕೂ ಹೆದರಬೇಕು.’

ದೊಡ್ಡಕ್ಕ ಕಣ್ಣು ತೆರೆದು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಕೈಯನ್ನು. ಅವನೂ ನೋಡಿದ. ಫೋನು ಕಪ್ಪಗಿತ್ತು. ಅವಳು ಸುಮ್ಮನಿದ್ದ ಹೊತ್ತಿನಲ್ಲೇ ಆರಿಹೋಗಿತ್ತು. ಅವನ ಹೆಬ್ಬೆರಳು ಕಪ್ಪು ಗಾಜಿನ ಮೇಲೆ ಸುಮ್ಮನೆ ಕೂತಿತ್ತು.

“ಬಾಯಿಪಾಠ ಬರುತ್ತೆ ನಿನಗೆ,” ಎಂದಳು.

ಅವನು ಏನೋ ಹೇಳಲು ಹೋದ. ಎಲ್ಲರಿಗೂ ಬಾಯಿಪಾಠವಾಗಿದೆ ಅಕ್ಕ, ಅಷ್ಟು ಓಡಾಡಿದೆ, ಎನ್ನುವ ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಅರ್ಧ ನಿಜವೂ ಆಗಿತ್ತು. ಆದರೆ ಅವಳ ಕೈ ಕುರ್ಚಿಯ ತೋಳನ್ನು ಹಿಡಿದದ್ದು ಕಂಡಿತು. ಅವಳು ಹಿಂದಕ್ಕೆ ಸರಿದಿದ್ದಳು, ಒಂದು ಗೇಣು ಇರಬಹುದು. ಅತ್ತೆಗೂ ಅವನಿಗೂ ನಡುವೆ ಬರುವ ಹಾಗೆ. ಜೀವಮಾನದಲ್ಲಿ ಅವನನ್ನು ಕಂಡು ಯಾರೂ ಹೆದರಿರಲಿಲ್ಲ. ಬೆಕ್ಕೂ ಹೆದರಿರಲಿಲ್ಲ. ನಾನೇ ಬರೆದದ್ದು, ಎಂದ. ಲ್ಯಾಬಿನ ವಿಷಯ ಹಾಕಿದ್ದೂ ನಾನೇ.

ಅವಳು ಕೂಗಲಿಲ್ಲ. ರಿಪೋರ್ಟಿನಲ್ಲಿ ಅಂಕಿ ತಾಳೆ ನೋಡುವಾಗಿನ ದನಿಯಲ್ಲಿ ಕೇಳಿದಳು: “ಹಾಕುವಾಗ ನಾನೇ ಅಂತ ಗೊತ್ತಿತ್ತಾ?”

“ಇಲ್ಲ.”

ಅವಳು ಕಾದಳು.

“ಗೊತ್ತಿಲ್ಲ ಅಕ್ಕ,” ಎಂದ. ನೂರಾ ಹನ್ನೆರಡನೆಯ ಪುಟ ತೆರೆದಾಗ ತಾನು ಕುರ್ಚಿಯಿಂದ ಎದ್ದು ನಿಂತದ್ದು ನೆನಪಾಯಿತು. ನೋಡಿಲ್ಲ ಎಂಬ ಆ ಒಂದು ಪದ. ಕೋಣೆಯಲ್ಲಿ ಎರಡು ಸುತ್ತು ನಡೆದದ್ದು, ನೀರು ಕುಡಿದದ್ದು, ಏನನ್ನೋ ಯೋಚಿಸದೆ ಇರಲು ಪಟ್ಟ ಶ್ರಮ. “ಗೊತ್ತಿತ್ತು ಅನ್ಸುತ್ತೆ.”

ಅತ್ತೆ ಒಂಟಿ ಕಾಲುಚೀಲವೊಂದನ್ನು ಎತ್ತಿ ತೋರಿಸಿ, ಇದರ ಜೋಡಿ ಎಲ್ಲಿ ಎಂದು ಕೇಳಿದರು. ದೊಡ್ಡಕ್ಕ ತನ್ನ ಕೈಯಲ್ಲಿ ಹಿಂಡಿ ಮುದ್ದೆಯಾಗಿದ್ದದ್ದನ್ನು ಬಿಡಿಸಿ ಕೊಟ್ಟಳು. ಆಮೇಲೆ ಅತ್ತೆಯ ಮುಖವನ್ನೇ ನೋಡುತ್ತ, ಅವರಿಗೇ ಹೇಳುತ್ತಿರುವ ಹಾಗೆ, ಮೆಲ್ಲಗೆ ಹೇಳಿದಳು. ಹನ್ನೊಂದು ತಿಂಗಳು ಕಾಯಿಲೆಯ ಗಂಡನ ಪಕ್ಕದಲ್ಲಿ ಕೂತಿದ್ದಳು. ಕೊನೆಯ ದಿನ ಗಂಡ ನೀರು ಕೇಳಿದ. ತರುತ್ತೇನೆ ಎಂದು ಎದ್ದು ಹೋದವಳು ಬಾಗಿಲು ಎಳೆದುಕೊಂಡು, ಆಚೆ ಕೋಣೆಯ ನೆಲದ ಮೇಲೆ ಮಲಗಿಬಿಟ್ಟಳು. ಎದ್ದಾಗ ಬೆಳಕು ಹೋಗಿತ್ತು, ಗಂಡನೂ ಹೋಗಿದ್ದ. ಅಷ್ಟು ಚೆನ್ನಾಗಿ ನಿದ್ದೆ ಬಂದಿತ್ತು. “ಅದನ್ನ ಯಾರಿಗೆ ಹೇಳೋದು? ಇವರಿಗೆ ಹೇಳಕ್ಕಾಗುತ್ತಾ? ಅದಕ್ಕೇ ಬರೆದೆ. ಆ ಕತೆ ಹಚ್ಕೊಂಡ ಅಷ್ಟು ಜನದಲ್ಲಿ ಒಬ್ಬರಿಗಾದ್ರೂ ಗೊತ್ತಿರುತ್ತೆ, ಇದು ಹೀಗೇ ಅಂತ, ಅನ್ಕೊಂಡೆ.”

ನನಗೆ ಗೊತ್ತಿತ್ತು ಎಂದು ಅವನು ಹೇಳಬೇಕಿತ್ತು. ನಲ್ಲಿ ಬಿಟ್ಟುಕೊಂಡು ನಿಂತಿದ್ದೆ ಅಕ್ಕ, ನೀರು ಪಾದಕ್ಕೆ ಬರುವ ತನಕ ನಿಂತಿದ್ದೆ. ಹೇಳಿದನೋ, ಬರೀ ತುಟಿ ಅಲುಗಾಡಿತೋ. ಅವಳು ಅವನ ಕಡೆ ತಿರುಗಿದಳು, ಅಷ್ಟೆ. ಕ್ಷಮಿಸಿದವಳ ಮುಖ ಅದಲ್ಲ. ಕೇಳಿಸಿಕೊಂಡವಳ ಮುಖ. ನೀನು ಯಾರು, ಎಲ್ಲಿ ಕೆಲಸ ಮಾಡುತ್ತೀಯ, ಇದನ್ನೆಲ್ಲ ಶುರು ಮಾಡಿದವನು ನೀನೇ ಅಂತ ನಿಮ್ಮ ಬಳಗದಲ್ಲಿ ಬರಿ, ಎಂದಳು. ನಿನ್ನ ಸ್ವಂತ ಹೆಸರು ಹಾಕು. ಈಗಲೇ, ನನ್ನೆದುರು.

ಬೆರಳು ಅಕ್ಷರಗಳ ಮೇಲೆ ಜಾರುತ್ತಿತ್ತು, ಅಂಗೈಯ ಇದ್ದಿಲು ಗಾಜಿಗೆ ಹತ್ತಿತು. ತನ್ನ ಹೆಸರನ್ನು ಬಳಗದಲ್ಲಿ ಬರೆದದ್ದು ಅದೇ ಮೊದಲು. ಎರಡು ಸಲ ತಪ್ಪಿತು. ಅವಳು ಪಕ್ಕದಲ್ಲಿ ಬಗ್ಗಿ ಅಕ್ಷರ ಅಕ್ಷರ ನೋಡಿದಳು, ಒಂದು ಒತ್ತಕ್ಷರ ಬಿಟ್ಟುಹೋದದ್ದನ್ನು ತೋರಿಸಿ ಸರಿ ಮಾಡಿಸಿದಳು. ನಾಲ್ಕೇ ಸಾಲು. ಇವರೊಂದಿಗೆ ಒಂದೇ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ, ಇವರು ಬರೆದದ್ದು ನಿಜ, ನಾನು ಬರೆದದ್ದು ಸುಳ್ಳು, ಅದು ಸುಳ್ಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಒತ್ತಿದ. ಫೋನನ್ನು ಮೇಜಿನ ಮೇಲಿಟ್ಟ. ನಿಮಿಷವೂ ಆಗಿರಲಿಕ್ಕಿಲ್ಲ, ಫೋನು ಮೇಜಿನ ಮೇಲೆ ಗುರುಗುಟ್ಟತೊಡಗಿತು, ತಾನೇ ತಾನಾಗಿ ಅಂಚಿನ ಕಡೆ ಸರಿಯಿತು. ಅವನು ಮುಟ್ಟಲಿಲ್ಲ. ಮುಟ್ಟಲಾರ ಎಂದು ಅವಳಿಗೆ ತಿಳಿದಿರಬೇಕು; ತಾನೇ ಎತ್ತಿಕೊಂಡಳು, ಕನ್ನಡಕ ಹಾಕಿಕೊಂಡಳು, ಮೂರು ದಿನದಿಂದ ಯಾವುದಕ್ಕೆ ಹೆದರಿದ್ದಳೋ ಅದನ್ನು ಅಂಕಿ ಓದುವ ದನಿಯಲ್ಲೇ ಓದುತ್ತ ಹೋದಳು. ದ್ರೋಹಿ ಎಂದಿದ್ದಾರೆ. ಇಬ್ಬರೂ ಸೇರಿ ನಾಟಕ ಆಡಿದ್ದಾರೆ ಎಂದಿದ್ದಾರೆ. ಒಬ್ಬಳು, ನನ್ನ ಅಪ್ಪನ ವಿಷಯದಲ್ಲೂ ಹೀಗೇ ಆಯಿತು ಎಂದಿದ್ದಾಳೆ. ಬಾಟಲಿ ತಲುಪಿತಾ ಎಂದು ಒಬ್ಬ ಕೇಳಿದ್ದಾನೆ. ಯಾವ ಬಾಟಲಿ, ಎಂದು ಅವಳು ತಲೆಯೆತ್ತಿದಳು. ಅವನು ಹೇಳಿದ. ಅವಳು ತಲೆಯಾಡಿಸಿ ಮುಂದೆ ಓದಿದಳು. “ನಿನ್ನ ಮನೆ ಎಲ್ಲಿ ಅಂತ ಕೇಳ್ತಿದ್ದಾರೆ. ಮೂರು ಜನ.”

ಅವಳ ಹೆಬ್ಬೆರಳು ಅಕ್ಷರಗಳ ಮೇಲೆ ನಿಂತಿತ್ತು. ಅವಳು ವಿಳಾಸ ಬರೆದರೆ ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಅಮ್ಮನ ಕೋಣೆ, ಅದರ ಬೀದಿಯ ಕಡೆಯ ಕಿಟಕಿ, ಹಿಂದಿನ ಬಾಗಿಲ ಸಡಿಲ ಅಗುಳಿ ಎಲ್ಲ ಕಣ್ಣಿಗೆ ಕಟ್ಟಿತು. “ಹೆದರಿಕೆ ಆಗುತ್ತಾ?” ಎಂದು ಕೇಳಿದಳು, ಕುಹಕವಲ್ಲ, ತಿಳಿದುಕೊಳ್ಳುವುದಕ್ಕೆ. ಆಗುತ್ತೆ ಎಂದ. ಹೂಂ, ಎಂದಳು. ಫೋನನ್ನು ಆರಿಸಿ, ಕವುಚಿ ಇಟ್ಟಳು.

ಆಗ ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಹೆಜ್ಜೆಗಳು ಹತ್ತತೊಡಗಿದವು. ಒಬ್ಬರದಲ್ಲ, ಇಬ್ಬರದು. ಮೊದಲ ತಿರುವು, ಎರಡನೆಯದು. ಅವಳ ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು, ಉಗುರು ನಾಟುವಷ್ಟು. ಅತ್ತೆ ಏನೂ ಅರಿಯದೆ ಕಾಲುಚೀಲ ಮಡಿಸುತ್ತಿದ್ದರು. ಮೂರನೆಯ ಮಹಡಿಯಲ್ಲಿ ಹೆಜ್ಜೆ ನಿಂತಿತು. ಯಾರೋ ಉಸಿರು ತೆಗೆದುಕೊಂಡರು. ಅವನು ಎದ್ದ. ಎದ್ದದ್ದು ತಾನೇ ಎಂದು ನಂಬಿಕೆಯಾಗಲಿಲ್ಲ. ಮಣಿಕಟ್ಟು ಬಿಡಿಸಿಕೊಂಡು ಬಾಗಿಲ ಬಳಿ ಹೋಗಿ, ಹಲಗೆಗೆ ಬೆನ್ನು ಕೊಟ್ಟು, ಅವರಿಬ್ಬರ ಕಡೆ ಮುಖ ಮಾಡಿ ನಿಂತ. ಆಚೆ ಒಂದು ಚೀಲ ನೆಲಕ್ಕೆ ಕುಕ್ಕಿದ ಸದ್ದು, ಹೆಂಗಸೊಬ್ಬಳು ಕಾಲು ನೋವಿನ ಬಗ್ಗೆ ಏನೋ ಅಂದದ್ದು, ಗಂಡಸಿನ ನಗು. ಚೀಲ ಮತ್ತೆ ಎತ್ತಿದರು. ಹೆಜ್ಜೆಗಳು ನಾಲ್ಕನೆಯ ಮಹಡಿಗೆ ಹತ್ತಿ ಹೋದವು. ಅದಾದ ಮೇಲೂ ಅವನಿಗೆ ಅಲ್ಲಿಂದ ಅಲುಗಾಡಲಾಗಲಿಲ್ಲ. ದೊಡ್ಡಕ್ಕ ಅವನನ್ನೇ ನೋಡುತ್ತಿದ್ದಳು. ತನ್ನ ಕುರ್ಚಿಗೂ ಅವನ ಖಾಲಿ ಕುರ್ಚಿಗೂ ಇದ್ದ ದೂರವನ್ನು ಅವಳು ಕಡಿಮೆ ಮಾಡಲಿಲ್ಲ, ಹೆಚ್ಚೂ ಮಾಡಲಿಲ್ಲ.

“ಕತ್ತಲಾಗೋ ತನಕ ಇರು,” ಎಂದಳು. “ಆಮೇಲೆ ನೀನು ಒಬ್ಬನೇ ಹೋಗಬೇಕು.”